ಹೊರಡುವಾಗ ‘ಟಕ್’, ನಿಲ್ಲುವಾಗ ‘ಟಕ್’: ಪಿಕಪ್ ಗಾಡಿಯ ಶಾಫ್ಟ್ ಸದ್ದು ಮತ್ತು ಗ್ರೀಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದೆಲ್ಲ ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಕ್ಕೆ, ಹಿಂಬದಿಯಲ್ಲಿ ಪ್ಲೇಟ್ ಸ್ಪ್ರಿಂಗ್ ಇರುವ ಪಿಕಪ್‌ಗಳಿಗೆ ಸಂಬಂಧಿಸಿದ್ದು. ಬೊಲೆರೊ ಪಿಕಪ್, ಟಾಟಾ ಯೋಧ, ಅಶೋಕ್ ಲೇಲ್ಯಾಂಡ್ ದೋಸ್ತ್ ಹೀಗೆ ನಮ್ಮ ಎಪಿಎಂಸಿ ಅಂಗಳದಲ್ಲಿ ಬೆಳಗಿನ ಜಾವ ಸಾಲುಗಟ್ಟುವ ಗಾಡಿಗಳೆಲ್ಲ ಹೆಚ್ಚುಕಡಿಮೆ ಇದೇ ಜಾತಿ. ಗ್ರೀಸ್ ಒತ್ತುವ ಸಣ್ಣ ಬಾಯಿಗಳ, ಅಂದರೆ ನಿಪ್ಪಲ್‌ಗಳ, ಜಾಗ ಮಾದರಿಯಿಂದ ಮಾದರಿಗೆ ಬೇರೆ. ಗಾಡಿಯ ಜೊತೆ ಬಂದ ಪುಸ್ತಕ ಬೇರೇನಾದರೂ ಹೇಳಿದರೆ ಅದರ ಮಾತನ್ನೇ ಕೇಳಿ.

ನಿಂತ ಗಾಡಿ ಹೊರಡುವಾಗ ಒಮ್ಮೆ, ಬ್ರೇಕ್ ಹಿಡಿದು ನಿಲ್ಲಿಸಿದಾಗ ಇನ್ನೊಮ್ಮೆ ಕೆಳಗಿನಿಂದ ‘ಟಕ್’ ಎನ್ನುತ್ತದೆ. ಯಾರೋ ಹಿಂದಿನಿಂದ ಗುದ್ದಿದ ಹಾಗಾಗುತ್ತದೆ. ಏನಿದು?

ಹೆಚ್ಚಿನ ಸಲ ಒಣಗಿದ ಸ್ಲಿಪ್ ಜಾಯಿಂಟ್, ಅಂದರೆ ಶಾಫ್ಟ್‌ನ ಜಾರುವ ಭಾಗ. ಎಲ್ಲಕ್ಕಿಂತ ಅಗ್ಗದ ಕಾರಣ ಇದೇ ಆದ್ದರಿಂದ ಮೊದಲು ನೋಡಬೇಕಾದದ್ದೂ ಇದನ್ನೇ.

ಗೇರ್‌ಬಾಕ್ಸ್ ಚಾಸಿಗೆ ಬಿಗಿದುಕೊಂಡಿದೆ. ಹಿಂದಿನ ಆ್ಯಕ್ಸಲ್ ಮಾತ್ರ ಸ್ಪ್ರಿಂಗ್ ಮೇಲೆ ಏಳುತ್ತ ಇಳಿಯುತ್ತ ಇರುತ್ತದೆ. ಎರಡರ ನಡುವಿನ ದೂರ ಹೀಗೆ ಸದಾ ಬದಲಾಗುವುದರಿಂದ ಗೇರ್‌ಬಾಕ್ಸಿನ ತಿರುಗುವ ಬಲವನ್ನು ಆ್ಯಕ್ಸಲ್‌ಗೆ ಒಯ್ಯುವ ಶಾಫ್ಟ್ ಉದ್ದ ಬದಲಾಗದ ಒಂದೇ ತುಂಡಾಗಿದ್ದರೆ ನಡೆಯುವುದಿಲ್ಲ. ಅದಕ್ಕೇ ಮಡಿಸುವ ಛತ್ರಿಯ ಹಿಡಿಯಂತೆ ಒಂದರೊಳಗೊಂದು ಜಾರುವ ಭಾಗ ಇಟ್ಟಿದ್ದಾರೆ. ಒಳಗಿನದರ ಮೇಲೂ ಹೊರಗಿನದರ ಒಳಮೈಯಲ್ಲೂ ಉದ್ದುದ್ದ ಹಲ್ಲುಗಳಿವೆ, ಅವು ಸ್ಪ್ಲೈನ್. ತಿರುಗಿಸುವ ಬಲವನ್ನೂ ದಾಟಿಸಬೇಕು, ಉದ್ದಕ್ಕೂ ಜಾರಬೇಕು, ಎರಡೂ ಒಟ್ಟಿಗೆ.

ಗಾಡಿ ಎಳೆಯುತ್ತಿರುವಾಗ ಈ ಹಲ್ಲುಗಳ ಕೆನ್ನೆಗಳು ಒಂದನ್ನೊಂದು ಬಲವಾಗಿ ಒತ್ತಿಕೊಂಡಿರುತ್ತವೆ. ನಡುವೆ ಗ್ರೀಸ್ ಇದ್ದರೆ ಆ ಒತ್ತಡದಲ್ಲೂ ಜಾರುತ್ತವೆ, ಇಲ್ಲದಿದ್ದರೆ ಕಚ್ಚಿಕೊಂಡು ನಿಲ್ಲುತ್ತವೆ. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಹೋಗಿ ಹಿಂಬದಿ ಮೇಲೇಳುತ್ತದೆ, ಶಾಫ್ಟ್ ತುಸು ಉದ್ದವಾಗಬೇಕು. ಗಾಡಿ ನಿಂತು ಹಿಂಬದಿ ಮತ್ತೆ ಕೂತಾಗ ಗಿಡ್ಡವಾಗಬೇಕು. ಕಚ್ಚಿಕೊಂಡ ಸ್ಪ್ಲೈನ್ ಆಗಲೂ ಅಲುಗದೆ, ಒತ್ತಡ ಸಾಕಷ್ಟು ಬೆಳೆದ ಮೇಲೆ ಒಂದೇ ಏಟಿಗೆ ಬಿಟ್ಟುಕೊಡುತ್ತದೆ. ನಿಮಗೆ ಕೇಳಿಸುವ ‘ಟಕ್’ ಅದೇ. ಹೊರಡುವಾಗ ಆ್ಯಕ್ಸಲ್ ಸ್ಪ್ರಿಂಗನ್ನು ತಿರುಚಿ ಡಿಫರೆನ್ಶಿಯಲ್ (ಆ್ಯಕ್ಸಲ್ ನಡುವಿನ ಗೇರುಗಳ ಗುಂಡು ಪೆಟ್ಟಿಗೆ, ಅದರ ಹೊರಕವಚವೇ ಹೌಸಿಂಗ್) ಮೂತಿಯನ್ನು ಮೇಲೆತ್ತುತ್ತದೆ. ಆಗ ಅದೇ ಕತೆ ತಿರುವುಮುರುವಾಗಿ ನಡೆಯುತ್ತದೆ.

ಇದು ಸ್ಲಿಪ್ ಜಾಯಿಂಟೋ, ಕ್ರಾಸೋ, ಹೌಸಿಂಗೋ ಎಂದು ಸದ್ದಿನಿಂದಲೇ ಗೊತ್ತಾಗುತ್ತದೆಯೇ?

ಕ್ರಾಸ್ ಎಂದರೆ ಶಾಫ್ಟ್ ಓರೆಯಲ್ಲೂ ತಿರುಗುವಂತೆ ಅದರ ತುದಿಗಳಲ್ಲಿ ಇರುವ, ಕೂಡುವ ಗುರುತಿನ ಆಕಾರದ ತುಂಡು; ಅದರ ನಾಲ್ಕು ಮೊಳೆಗಳು ಸೂಜಿ ಬೇರಿಂಗ್ ಇರುವ ಬಟ್ಟಲುಗಳಲ್ಲಿ ಕೂತಿರುತ್ತವೆ. ಎಂಥ ಸದ್ದು ಎನ್ನುವುದಕ್ಕಿಂತ ಯಾವಾಗ ಬರುತ್ತದೆ ಎನ್ನುವುದನ್ನು ಗಮನಿಸಿ. ಮೆಕ್ಯಾನಿಕ್ ಬಳಿ ಹೋಗಿ “ಸೌಂಡ್ ಬರುತ್ತಿದೆ” ಎಂದಷ್ಟೇ ಹೇಳಿದರೆ ಅವರು ಬಿಚ್ಚಿ ನೋಡುವುದರಿಂದಲೇ ಶುರು ಮಾಡಬೇಕಾಗುತ್ತದೆ.

ಹೊರಡುವಾಗ, ನಿಲ್ಲುವಾಗ ಒಂದೊಂದೇ ಮಂದ ಏಟು ಬಿದ್ದರೆ ಸ್ಲಿಪ್ ಜಾಯಿಂಟ್. ಓಡುತ್ತಿರುವಾಗ ಆಕ್ಸಿಲರೇಟರ್ ಬಿಟ್ಟು ಒತ್ತಿದಾಗಲೆಲ್ಲ, ರಿವರ್ಸ್‌ನಿಂದ ಒಂದನೇ ಗೇರಿಗೆ ಬದಲಿಸಿದಾಗಲೆಲ್ಲ ‘ಠಣ್’ ಎಂಬ ಲೋಹದ ಸದ್ದು ಬಂದರೆ ಕ್ರಾಸ್ ಸವೆದಿದೆ, ಶಾಫ್ಟ್ ತುದಿಯ ಚಪ್ಪಟೆ ತಟ್ಟೆಯ (ಫ್ಲ್ಯಾಂಜ್) ಬೋಲ್ಟ್ ಸಡಿಲವಾಗಿದೆ, ಇಲ್ಲವೇ ಡಿಫರೆನ್ಶಿಯಲ್‌ನಲ್ಲಿ ಪ್ಲೇ, ಅಂದರೆ ಸಡಿಲಾಟ, ಹೆಚ್ಚಾಗಿದೆ. ನಿಧಾನವಾಗಿ ಹೋಗುವಾಗ ‘ಕೀಚ್ ಕೀಚ್’ ಎಂದು ತಾಳ ಹಾಕಿದಂತೆ ಬಂದು, ವೇಗ ಹೆಚ್ಚಿದಂತೆ ತಾಳವೂ ಚುರುಕಾದರೆ ಕ್ರಾಸಿನ ಸೂಜಿ ಬೇರಿಂಗ್‌ಗಳು ಒಣಗಿವೆ. ಇದನ್ನು ಕಡೆಗಣಿಸಿದವರಿಗೆ ಮುಂದೆ ‘ಠಣ್’ ತಪ್ಪುವುದಿಲ್ಲ.

ಲೋಡ್ ಹಾಕಿ ಹೊರಡುವಾಗ ಇಡೀ ಗಾಡಿ ಗಡಗಡ ನಡುಗಿ, ವೇಗ ಬಂದ ಮೇಲೆ ಸುಮ್ಮನಾದರೆ ಎರಡು ತುಂಡಿನ ಶಾಫ್ಟನ್ನು ನಡುವೆ ಚಾಸಿಗೆ ಹಿಡಿದಿಡುವ ಸೆಂಟರ್ ಬೇರಿಂಗ್‌ನ ರಬ್ಬರ್ ನೋಡಿ. ಗೇರಿಗೂ ಆಕ್ಸಿಲರೇಟರಿಗೂ ಸಂಬಂಧವೇ ಇಲ್ಲದೆ ಗುಂಡಿಗೆ ಇಳಿದಾಗ ಮಾತ್ರ ಬಡಿದರೆ ಶಾಫ್ಟನ್ನು ಬೈಯಬೇಡಿ. ಅದು ಸ್ಪ್ರಿಂಗಿನ ಶ್ಯಾಕಲ್ ಬುಷ್, ಯು-ಬೋಲ್ಟ್ ಅಥವಾ ಶಾಕ್ ಅಬ್ಸಾರ್ಬರ್ ಕೆಲಸ.

ಗಾಡಿಯ ಕೆಳಗೆ ಹೋಗಿ ನಾನೇ ನೋಡಬಹುದೇ?

ನೋಡಬಹುದು, ನೋಡಲೇಬೇಕು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಕೀ ಕಿಸೆಯಲ್ಲಿ ಇಟ್ಟುಕೊಳ್ಳಿ. ಹ್ಯಾಂಡ್‌ಬ್ರೇಕ್ ಎಳೆದರೂ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ, ಆಮೇಲಷ್ಟೇ ನ್ಯೂಟ್ರಲ್. ಪಿಕಪ್‌ನ ಕೆಳಗೆ ಜಾಗ ಧಾರಾಳವಾಗಿರುವುದರಿಂದ ಬಹುತೇಕ ಜಾಕಿ ಬೇಕಾಗುವುದಿಲ್ಲ. ಜಾಕಿ ಕೊಟ್ಟರೆ ಸ್ಟ್ಯಾಂಡ್ ಇಡದೆ ತಲೆ ಒಳಗೆ ಹಾಕಬಾರದು. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಸ್ಟ್ಯಾಂಡ್ ಅಲ್ಲ. ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ.

ಒಂದು ಕೈಯಲ್ಲಿ ಕ್ರಾಸಿನ ಈಚಿನ ಭಾಗ, ಇನ್ನೊಂದರಲ್ಲಿ ಆಚಿನ ಭಾಗ ಹಿಡಿದು ಎದುರು ದಿಕ್ಕುಗಳಿಗೆ ತಿರುವಿ. ಕಣ್ಣು ಕ್ರಾಸಿನ ಬಟ್ಟಲುಗಳ ಮೇಲೆ ಇರಲಿ. ಎರಡೂ ಭಾಗ ಒಟ್ಟಿಗೆ ಅಲುಗಿದರೆ ಸರಿ, ಒಂದು ಅಲುಗಿ ಇನ್ನೊಂದು ತಡವಾಗಿ ಹಿಂಬಾಲಿಸಿದರೆ ಕ್ರಾಸ್ ಮುಗಿಯಿತು. ಶಾಫ್ಟನ್ನು ಮೇಲೆ ಕೆಳಗೂ ಎತ್ತಿ ನೋಡಿ. ಇಡೀ ಶಾಫ್ಟ್ ತಿರುಗಿಸಿದಾಗ ಡಿಫರೆನ್ಶಿಯಲ್ ಕಡೆ ಸ್ವಲ್ಪ ಪ್ಲೇ ಇದ್ದೇ ಇರುತ್ತದೆ. ಹಲ್ಲುಗಳ ನಡುವೆ ಅಷ್ಟು ಜಾಗ ಬೇಕೇ ಬೇಕು. ಅದನ್ನು ಕಂಡು ಗಾಬರಿಯಾಗಬೇಡಿ.

ಆಮೇಲೆ ಬಟ್ಟಲುಗಳ ಬಾಯಿಗೆ ಟಾರ್ಚ್ ಹಿಡಿಯಿರಿ. ಸೀಲಿನ ಸುತ್ತ ಕಪ್ಪು ಗ್ರೀಸ್ ಒದ್ದೆಯಾಗಿ ಅಂಟಿಕೊಂಡಿದ್ದರೆ ಒಳ್ಳೆಯದು. ಕುಂಕುಮದ ಬಣ್ಣದ ಒಣ ಪುಡಿ ಇದ್ದರೆ ಅದು ದೂಳಲ್ಲ. ಒಳಗೆ ನೀರು ಹೋಗಿ, ಸೂಜಿಗಳು ತುಕ್ಕು ಹಿಡಿದು, ತೇಯ್ದು ಹೊರಬಂದದ್ದು. ಅಂಥ ಕ್ರಾಸಿಗೆ ಗ್ರೀಸ್ ಹೊಡೆದು ಪ್ರಯೋಜನವಿಲ್ಲ. ಬಿಚ್ಚಿದ ಹಳೆಯ ಕ್ರಾಸಿನ ಮೊಳೆಯ ಮೇಲೆ ಉಗುರು ಆಡಿಸಿದರೆ ಸಾಲು ಸಾಲು ಗೀರುಗಳು ಸಿಗುತ್ತವೆ. ಕ್ರಾಸಿನ ಸೂಜಿಗಳು ಸುತ್ತು ಹೊಡೆಯುವುದಿಲ್ಲ, ಕೆಲವೇ ಡಿಗ್ರಿಯಷ್ಟು ಹಿಂದೆ ಮುಂದೆ ಆಡುತ್ತವೆ. ಹಾಗಾಗಿ ಪ್ರತಿ ಸೂಜಿಯೂ ತನ್ನ ಅದೇ ಜಾಗವನ್ನೇ ತುಳಿದು ತುಳಿದು ಕೊರೆಯುತ್ತದೆ.

ಗ್ರೀಸ್ ಹೊಡೆಯುವ ಸರಿಯಾದ ಕ್ರಮ ಯಾವುದು?

ಮೊದಲು ನಿಪ್ಪಲ್ ಒರೆಸಿ. ಇದನ್ನು ಬಿಡುವವರೇ ಹೆಚ್ಚು. ನಿಪ್ಪಲ್ ಬಾಯಲ್ಲಿ ಕೂತ ಮಣ್ಣಿನ ಮೇಲೆಯೇ ಗ್ರೀಸ್ ಗನ್ ಕೂರಿಸಿದರೆ ಮೊದಲ ಒತ್ತಿಗೆ ಒಳಗೆ ಹೋಗುವುದು ಮಣ್ಣು. ಬಳ್ಳಾರಿ, ಸಂಡೂರು ಕಡೆಯ ಗಾಡಿಗಳಲ್ಲಿ ಅದು ಅದಿರಿನ ಪುಡಿ. ಬೇರಿಂಗಿಗೆ ಅದಕ್ಕಿಂತ ಕೆಟ್ಟದ್ದು ಬೇಕಿಲ್ಲ. ಗನ್ನಿನ ಬಾಯನ್ನೂ ಒರೆಸಿ, ಒಂದು ತುಣುಕು ಗ್ರೀಸ್ ಹೊರಗೆ ಚೆಲ್ಲಿ.

ಕ್ರಾಸಿಗೆ ನಿಧಾನವಾಗಿ ಒತ್ತುತ್ತ ಹೋಗಿ. ನಾಲ್ಕು ಬಟ್ಟಲುಗಳ ಸೀಲಿನಿಂದಲೂ ಹಳೆಯ ಕಪ್ಪು ಗ್ರೀಸ್ ಹೊರಬಂದು, ಹಿಂದೆಯೇ ಹೊಸದು ಇಣುಕಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಮೂರಕ್ಕೆ ತೃಪ್ತಿಪಡಬೇಡಿ. ಆ ಒಣಗಿದ ಒಂದೇ ನಾಳೆ ಇಡೀ ಕ್ರಾಸನ್ನು ಹಾಳು ಮಾಡುವುದು. ಹೊರಬಂದು ಗಾಡಿಯನ್ನು ತುಸು ಸರಿಸಿ, ಶಾಫ್ಟ್ ಅರ್ಧ ಸುತ್ತು ತಿರುಗಿದ ಮೇಲೆ ಮತ್ತೆ ಕಲ್ಲು ಕೊಟ್ಟು ಒತ್ತಿ, ಶಾಫ್ಟನ್ನು ಕೈಯಲ್ಲಿ ಅತ್ತಿತ್ತ ಅಲುಗಿಸುತ್ತ ಒತ್ತಿ. ಆಗಲೂ ಬಾರದಿದ್ದರೆ ಆ ಬಟ್ಟಲಿನ ದಾರಿ ಕಟ್ಟಿದೆ, ಬಿಚ್ಚಿ ತೊಳೆಯಬೇಕು.

ಸ್ಲಿಪ್ ಜಾಯಿಂಟಿನ ನಿಪ್ಪಲ್ ಜಾರುವ ಭಾಗದ ಮೈಮೇಲೆಯೇ ಇರುತ್ತದೆ. ಎಷ್ಟೋ ಸಲ ಮಣ್ಣಿನಡಿ ಮುಚ್ಚಿಹೋಗಿ ಅಲ್ಲೊಂದು ನಿಪ್ಪಲ್ ಇದೆ ಎಂಬುದೇ ಸರ್ವಿಸ್ ಹುಡುಗರಿಗೆ ಗೊತ್ತಿರುವುದಿಲ್ಲ. ಎರಡು ಕ್ರಾಸಿಗೆ ಹೊಡೆದು ಎದ್ದು ಬರುತ್ತಾರೆ, ನಿಮ್ಮ ‘ಟಕ್’ ಹಾಗೇ ಉಳಿಯುತ್ತದೆ. ಬೆರಳಿನಿಂದ ಸವರಿ ಹುಡುಕಿ.

ಕೆಲವು ಶಾಫ್ಟ್‌ಗಳಲ್ಲಿ ಸ್ಲಿಪ್ ಭಾಗದ ಕ್ರಾಸ್ ಕಡೆಯ ತುದಿಗೆ ತಗಡಿನ ಮುಚ್ಚಳ, ಅದರ ನಡುವೆ ಸಣ್ಣ ತೂತು ಇರುತ್ತದೆ. ಗ್ರೀಸ್ ಮೊದಲು ಆ ತೂತಿನಿಂದ ಬರುತ್ತದೆ. ಅಲ್ಲಿಗೇ ನಿಲ್ಲಿಸಿದರೆ ಕೆಲಸ ಅರ್ಧ ಮಾತ್ರ ಆಯಿತು. ತೂತಿಗೆ ಬೆರಳು ಒತ್ತಿ ಹಿಡಿದು ಇನ್ನಷ್ಟು ಹೊಡೆದರೆ ಗ್ರೀಸ್ ಸ್ಪ್ಲೈನ್ ಉದ್ದಕ್ಕೂ ಸಾಗಿ ಆಚೆ ತುದಿಯ ಸೀಲಿನಲ್ಲಿ ಕಾಣುತ್ತದೆ. ಆಗ ನಿಲ್ಲಿಸಿ.

ಮುಗಿದ ಮೇಲೆ ನಾಲ್ಕಾರು ಸಲ ಮುಂದೆ ಹಿಂದೆ ಓಡಿಸಿ ಬ್ರೇಕ್ ಹಿಡಿಯಿರಿ. ಗ್ರೀಸ್ ಎಲ್ಲ ಹಲ್ಲಿಗೂ ಹರಡುತ್ತದೆ.

ಹೆಚ್ಚು ಹೊಡೆದರೆ ತೊಂದರೆಯೇ?

ಕ್ರಾಸಿಗೆ ಅಷ್ಟೇನೂ ಇಲ್ಲ, ಹೆಚ್ಚಾದದ್ದು ಸೀಲಿನಿಂದ ಹೊರಗೆ ಬರುತ್ತದೆ. ಆದರೆ ಗಾಳಿಯ ಒತ್ತಡದಲ್ಲಿ ನಡೆಯುವ ಪಂಪಿನಿಂದ ಒಂದೇ ಏಟಿಗೆ ತುಂಬಿದರೆ ಸೀಲ್ ಮಗುಚಿಕೊಳ್ಳುತ್ತದೆ. ಕೈ ಗನ್ ನಿಧಾನ ಎಂಬುದೇ ಅದರ ಗುಣ.

ಸ್ಲಿಪ್ ಜಾಯಿಂಟಿಗೆ ಮಾತ್ರ ಲೆಕ್ಕ ಬೇಕು. ಖಾಲಿ ಗಾಡಿಯಲ್ಲಿ ಶಾಫ್ಟ್ ಚಾಚಿಕೊಂಡಿರುವಾಗ ಒಳಗಿನ ಪೊಳ್ಳನ್ನು ಪೂರ್ತಿ ತುಂಬಿದಿರಿ ಎನ್ನಿ. ಆಮೇಲೆ ಒಂದೂವರೆ ಟನ್ ಟೊಮೆಟೊ ಹೇರಿದಾಗ ಶಾಫ್ಟ್ ಗಿಡ್ಡವಾಗಲು ಹೋಗುತ್ತದೆ, ಗ್ರೀಸಿಗೆ ಹೋಗಲು ಜಾಗವಿಲ್ಲ. ಗ್ರೀಸ್ ಕುಗ್ಗುವ ವಸ್ತುವಲ್ಲ. ತಗಡಿನ ಮುಚ್ಚಳ ಹಾರಿಹೋಗುತ್ತದೆ, ಇಲ್ಲವೇ ಆ ಒತ್ತಡ ನೇರ ಗೇರ್‌ಬಾಕ್ಸ್ ಮತ್ತು ಡಿಫರೆನ್ಶಿಯಲ್ ಬೇರಿಂಗ್‌ಗಳ ಮೇಲೆ ಬೀಳುತ್ತದೆ. ತುದಿಯಲ್ಲಿ ಕಂಡೊಡನೆ ನಿಲ್ಲಿಸಿ ಎಂದದ್ದು ಅದಕ್ಕೇ.

ಯಾವ ಗ್ರೀಸ್?

ಭಾರಿ ಒತ್ತಡ ತಡೆಯುವ ‘ಇಪಿ’ ಗುಣದ ಲಿಥಿಯಂ ಗ್ರೀಸ್, ದಪ್ಪ 2ನೇ ದರ್ಜೆ. ದರ್ಜೆಯ ಅಂಕಿ ದೊಡ್ಡದಾದಷ್ಟೂ ಗ್ರೀಸ್ ಗಟ್ಟಿ. 3ನೇ ದರ್ಜೆಯ ಗ್ರೀಸ್ ನಮ್ಮ ಕಡೆ ಚಕ್ರದ ಬೇರಿಂಗಿಗೆ ಧಾರಾಳವಾಗಿ ಸಿಗುತ್ತದೆ, ಕ್ರಾಸಿನ ಸಣ್ಣ ದಾರಿಗಳಲ್ಲಿ 2 ಸಲೀಸಾಗಿ ಹರಿಯುತ್ತದೆ. ಲಿಥಿಯಂ ಕಾಂಪ್ಲೆಕ್ಸ್ ಸಿಕ್ಕರೆ ಬಿಸಿಗೂ ನೀರಿಗೂ ಇನ್ನೂ ಚೆನ್ನಾಗಿ ತಾಳುತ್ತದೆ.

ಬಣ್ಣ ನೋಡಿ ಗ್ರೀಸ್ ಕೊಳ್ಳಬೇಡಿ. ಕೆಂಪು, ನೀಲಿ, ಹಸಿರು ಎಲ್ಲ ಕಂಪನಿ ಬೆರೆಸಿದ ಬಣ್ಣ, ಗುಣದ ಗುರುತಲ್ಲ. ಬೇರೆ ಬೇರೆ ಜಾತಿಯ ಗ್ರೀಸ್ ಬೆರೆಸುವುದೂ ಒಳ್ಳೆಯದಲ್ಲ. ಲಿಥಿಯಂ ಇದ್ದ ಕಡೆ ಪಾಲಿಯೂರಿಯಾ ಅಥವಾ ಜೇಡಿಮಣ್ಣು ಆಧಾರದ ಗ್ರೀಸ್ ಸೇರಿದರೆ ಎರಡೂ ನೀರಾಗಿ ಸೋರಿಹೋಗಬಹುದು. ಬದಲಿಸಲೇಬೇಕೆಂದರೆ ಹಳೆಯದು ಪೂರ್ತಿ ಹೊರಬರುವವರೆಗೆ ಹೊಸದನ್ನು ಒತ್ತಿ.

ಎಷ್ಟು ಕಿಲೋಮೀಟರಿಗೊಮ್ಮೆ?

ದುಡಿಯುವ ಪಿಕಪ್‌ಗೆ 5,000 ಕಿ.ಮೀ. ನನ್ನ ಲೆಕ್ಕ. ಆದರೆ ಕಿಲೋಮೀಟರಿಗಿಂತ ನೀರು ದೊಡ್ಡ ಶತ್ರು. ಮಲೆನಾಡಿನಲ್ಲಿ ಅಡಿಕೆ ತೋಟಕ್ಕೆ ಹಳ್ಳ ದಾಟಿ ಹೋಗುವ ಗಾಡಿಗೆ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹೊಡೆದರೂ ಹೆಚ್ಚಲ್ಲ. ಮಲ್ಪೆ, ಮಂಗಳೂರು ಬಂದರಿನಿಂದ ಮೀನು ಹೊರುವ ಗಾಡಿಗಳ ಪಾಡು ಇನ್ನೂ ಕಷ್ಟ. ಕರಗಿದ ಐಸಿನ ಉಪ್ಪುನೀರು ದಾರಿಯುದ್ದಕ್ಕೂ ಕೆಳಗೆ ಸುರಿಯುತ್ತಿರುತ್ತದೆ. ಆ್ಯಕ್ಸಲ್ ಮುಳುಗುವಷ್ಟು ನೀರಿನಲ್ಲಿ ಹೋಗಿಬಂದಿದ್ದರೆ ಅವಧಿ ನೋಡಬೇಡಿ, ಆ ವಾರವೇ ಹೊಡೆಸಿ.

ವಾಟರ್ ಸರ್ವಿಸ್ ಮಾಡಿಸಿದ ಮೇಲೆಯೇ ಕೀಚಲು ಶುರುವಾಯಿತು. ಕಾಕತಾಳೀಯವೇ?

ಅಲ್ಲದಿರಬಹುದು. ಒತ್ತಡದ ನೀರನ್ನು ಹತ್ತಿರದಿಂದ ಕ್ರಾಸಿನ ಸೀಲಿಗೇ ಹಿಡಿದರೆ ನೀರು ಒಳಗೆ ನುಗ್ಗಿ ಗ್ರೀಸನ್ನು ಕೆಡಿಸುತ್ತದೆ. ತೊಳೆಯುವುದು ಮೊದಲು, ಗ್ರೀಸ್ ಆಮೇಲೆ. ಈ ಕ್ರಮ ತಪ್ಪಬಾರದು. ಹೊಸ ಗ್ರೀಸ್ ಒಳಗಿನ ನೀರನ್ನೂ ತಳ್ಳಿಕೊಂಡು ಬರುತ್ತದೆ.

ಸರ್ವಿಸ್ ಸ್ಟೇಷನ್‌ಗಳಲ್ಲಿ ಕೊನೆಗೆ ಚಾಸಿಗೆಲ್ಲ ಡೀಸೆಲ್ ಅಥವಾ ಸುಟ್ಟ ಆಯಿಲ್ ಸಿಂಪಡಿಸಿ ಫಳಫಳ ಹೊಳೆಸುವ ರೂಢಿಯಿದೆ. ನೋಡಲು ಚೆಂದ, ಅಷ್ಟೇ. ಅದು ಮುಚ್ಚಿದ ಸ್ಪ್ಲೈನಿನ ಒಳಗೆ ಹೋಗುವುದಿಲ್ಲ, ದೂಳನ್ನು ಮಾತ್ರ ಅಂಟಿಸಿಕೊಳ್ಳುತ್ತದೆ, ಮೇಲಾಗಿ ಸೆಂಟರ್ ಬೇರಿಂಗಿನ ರಬ್ಬರ್, ಸ್ಪ್ರಿಂಗ್ ಬುಷ್‌ಗಳನ್ನು ಉಬ್ಬಿಸಿ ಕೆಡಿಸುತ್ತದೆ. ಬೇಡ ಎಂದು ಮೊದಲೇ ಹೇಳಿಬಿಡಿ.

ಗ್ರೀಸ್ ಹೊಡೆಸಿದೆ, ಸದ್ದು ನಿಂತಿತು. ಎರಡು ಮೂರು ದಿನಕ್ಕೆ ಮತ್ತೆ ಬಂತು!

ಇದು ಗ್ರೀಸಿನ ತಪ್ಪಲ್ಲ. ಸವೆದ ಲೋಹದ ನಡುವಿನ ಸಂದಿಯನ್ನು ಹೊಸ ಗ್ರೀಸ್ ಕೆಲವು ದಿನ ತುಂಬಿಕೊಂಡು ಏಟನ್ನು ನುಂಗಿತ್ತು. ಹಿಂಡಿ ಹೊರಗೆ ಹೋದ ಮೇಲೆ ಸಂದಿ ಮತ್ತೆ ಮಾತಾಡುತ್ತಿದೆ. ಒಣಗಿದ್ದಕ್ಕಷ್ಟೇ ಗ್ರೀಸ್ ಮದ್ದು. ಸವೆದದ್ದನ್ನು ಬದಲಿಸಬೇಕು. ಗ್ರೀಸ್ ಹೊಡೆದು ಎಷ್ಟು ದಿನ ಸುಮ್ಮನಿರುತ್ತದೆ ಎಂದು ನೋಡುವುದೇ ಒಂದು ಒಳ್ಳೆಯ ಪರೀಕ್ಷೆ: ತಿಂಗಳುಗಟ್ಟಲೆ ಸದ್ದಿಲ್ಲದಿದ್ದರೆ ಒಣಗಿತ್ತು, ವಾರವೂ ತಾಳದಿದ್ದರೆ ಸವೆದಿದೆ.

ಕ್ರಾಸ್ ಹೋದರೆ ಕ್ರಾಸ್ ಮಾತ್ರ ಬದಲಿಸಿದರೆ ಸಾಕು. ಸ್ಪ್ಲೈನ್ ಸವೆದಿದ್ದರೆ ಸ್ಲಿಪ್ ಭಾಗವನ್ನೇ ಬದಲಿಸಬೇಕು. ವೆಲ್ಡಿಂಗ್ ಮಾಡಿ ಉಳಿಸಿಕೊಡುತ್ತೇನೆ ಎನ್ನುವವರಿಂದ ದೂರವಿರಿ.

ನನ್ನ ಕ್ರಾಸಿಗೆ ನಿಪ್ಪಲ್ಲೇ ಇಲ್ಲ.

ಅದು ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ ಮುಚ್ಚಿದ ಬಗೆ. ಕೆಡುವವರೆಗೆ ಓಡಿಸುವುದು, ಕೆಟ್ಟಾಗ ಬದಲಿಸುವುದು. ಬದಲಿಸುವಾಗ ಅದೇ ಅಳತೆಯಲ್ಲಿ ನಿಪ್ಪಲ್ ಇರುವುದು ಸಿಗುತ್ತದೆಯೇ ಕೇಳಿ. ಸ್ಲಿಪ್ ಜಾಯಿಂಟಿಗೆ ನಿಪ್ಪಲ್ ಇಲ್ಲದಿದ್ದರೆ ಶಾಫ್ಟ್ ಇಳಿಸಿ, ಎಳೆದು ಬೇರ್ಪಡಿಸಿ, ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಹಲ್ಲುಗಳಿಗೆ ಕೈಯಿಂದ ಗ್ರೀಸ್ ಸವರಿ ಸೇರಿಸಬೇಕು. ಸೇರಿಸುವ ಮುನ್ನ ಮುಂದಿನ ಉತ್ತರ ಓದಿ.

ಕ್ರಾಸ್ ಹೊಸದು ಹಾಕಿಸಿದೆ. ‘ಟಕ್’ ಹೋಯಿತು, 50ರ ವೇಗದ ಮೇಲೆ ನಡುಕ ಬಂತು.

ಸ್ಲಿಪ್ ಜಾಯಿಂಟನ್ನು ಒಂದು ಹಲ್ಲು ಆಚೀಚೆ ಸೇರಿಸಿರುವ ಸಾಧ್ಯತೆ ಹೆಚ್ಚು. ಕ್ರಾಸ್ ಓರೆಯಲ್ಲಿ ತಿರುಗುವಾಗ ಆಚೆ ಬದಿಯ ವೇಗ ಒಂದೇ ಸಮನೆ ಇರುವುದಿಲ್ಲ. ಪ್ರತಿ ಸುತ್ತಿನಲ್ಲೂ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. 10 ಡಿಗ್ರಿ ಓರೆಯಲ್ಲಿ, ಈಚೆ ನಿಮಿಷಕ್ಕೆ 2,000 ಸುತ್ತು ತಿರುಗಿದರೆ ಆಚೆ ಸುಮಾರು 1,970ರಿಂದ 2,030ರವರೆಗೆ ತೂಗಾಡುತ್ತದೆ. ಇನ್ನೊಂದು ತುದಿಯ ಕ್ರಾಸ್ ಇದಕ್ಕೆ ಸರಿಯಾಗಿ ಎದುರಾಗಿ ತೂಗಾಡಿ ಸಮ ಮಾಡುತ್ತದೆ, ಶಾಫ್ಟ್‌ನ ಎರಡೂ ತುದಿಯಲ್ಲಿ ಕ್ರಾಸ್ ಹಿಡಿಯುವ ಕವಲುಗಳು ಒಂದೇ ಸಮತಲದಲ್ಲಿದ್ದರೆ ಮಾತ್ರ. ಒಂದು ಹಲ್ಲು ತಪ್ಪಿದರೂ ಆ ಲೆಕ್ಕ ಕೆಟ್ಟು ನಡುಕವಾಗಿ ಸೀಟಿಗೆ ಬರುತ್ತದೆ, ಹೊಸ ಕ್ರಾಸೂ ಬೇಗ ಹೋಗುತ್ತದೆ.

ಶಾಫ್ಟ್ ಮೇಲೆ ಎದುರುಬದುರು ಬಾಣದ ಗುರುತುಗಳಿರುತ್ತವೆ. ತುಕ್ಕಿನಲ್ಲಿ ಕಾಣದಿದ್ದರೆ ಬಿಚ್ಚುವ ಮುನ್ನವೇ ಎರಡೂ ಭಾಗಕ್ಕೆ ಅಡ್ಡಲಾಗಿ ಬಿಳಿ ಬಣ್ಣದ ಒಂದು ಗೆರೆ ಎಳೆಸಿ. ಫ್ಲ್ಯಾಂಜಿಗೂ ಹಾಗೆಯೇ.

ಡಿಫರೆನ್ಶಿಯಲ್ ಆಯಿಲ್‌ಗೂ ಈ ಸದ್ದಿಗೂ ಸಂಬಂಧ ಇದೆಯೇ?

‘ಟಕ್’ ಸದ್ದನ್ನು ಆಯಿಲ್ ನಿಲ್ಲಿಸುವುದಿಲ್ಲ. ಆದರೆ ಆಯಿಲ್ ಕಡಿಮೆಯಾಗಿ ಹಲ್ಲುಗಳು ಸವೆದರೆ ಪ್ಲೇ ಹೆಚ್ಚಿ ‘ಠಣ್’ ಬರುತ್ತದೆ, ಆಗ ಖರ್ಚು ಕ್ರೌನ್-ಪಿನಿಯನ್ (ಡಿಫರೆನ್ಶಿಯಲ್ ಒಳಗಿನ ಮುಖ್ಯ ಹಲ್ಲುಚಕ್ರಗಳು) ಮಟ್ಟಕ್ಕೆ ಹೋಗುತ್ತದೆ. ಗ್ರೀಸ್ ಹೊಡೆಯಲು ಕೆಳಗೆ ಹೋದಾಗಲೇ ಹೌಸಿಂಗಿನ ಫಿಲ್ಲರ್ ಬೋಲ್ಟ್ ತೆಗೆದು ಕಿರುಬೆರಳು ಹಾಕಿ. ಆಯಿಲ್ ತೂತಿನ ಅಂಚಿನವರೆಗೆ ಇರಬೇಕು. ಹಾಲಿನಂತೆ ಬಿಳಿಚಿದ್ದರೆ ನೀರು ಸೇರಿದೆ, ಪೂರ್ತಿ ಬದಲಿಸಿ. ಸಾಮಾನ್ಯವಾಗಿ 80ಡಬ್ಲ್ಯು-90 ಜಿಎಲ್-5 ದರ್ಜೆಯ ಆಯಿಲ್ ಬೇಕಾಗುತ್ತದೆ. ಅದನ್ನೇ ಗೇರ್‌ಬಾಕ್ಸಿಗೂ ಸುರಿಯಬೇಡಿ, ಅಲ್ಲಿಯ ಆಯಿಲ್‌ನ ದರ್ಜೆ ಬೇರೆ ಇರಬಹುದು.

ಲೋಡಿಗೂ ಓಡಿಸುವ ರೀತಿಗೂ ಇದರಲ್ಲಿ ಪಾಲಿದೆಯೇ?

ಇದೆ. ಗಾಡಿ ಪೂರ್ತಿ ನಿಲ್ಲುವ ಮೊದಲೇ ರಿವರ್ಸ್‌ನಿಂದ ಮುಂದಿನ ಗೇರಿಗೆ ಹಾಕುವುದು, ಏರಿನಲ್ಲಿ ಕ್ಲಚ್ ಫಟ್ಟನೆ ಬಿಡುವುದು, ಮೂರನೆಯದಕ್ಕೆ ಇಳಿಸದೆ ನಾಲ್ಕರಲ್ಲೇ ಗೊರಗೊರ ಎಳೆಸುವುದು, ಎಲ್ಲದರ ಏಟೂ ಕ್ರಾಸಿಗೇ. ಮಿತಿಮೀರಿ ಹೇರಿದರೆ ಶಾಫ್ಟ್‌ನ ಓರೆ ಬದಲಾಗುತ್ತದೆ, ಸ್ಪ್ಲೈನ್ ತನ್ನ ಜಾಗ ಬಿಟ್ಟು ಬೇರೆಲ್ಲೋ ಸವೆಯುತ್ತದೆ. ಸ್ಪ್ರಿಂಗಿಗೆ ಹೆಚ್ಚುವರಿ ಪ್ಲೇಟ್ ಸೇರಿಸಿದವರಿಗೆ ಖಾಲಿ ಓಡಾಡುವಾಗಲೂ ಇದೇ ತೊಂದರೆ, ಉಲ್ಟಾ ದಿಕ್ಕಿನಲ್ಲಿ.

ಸದ್ದು ಇದ್ದೂ ಎಷ್ಟು ದಿನ ಓಡಿಸಬಹುದು?

ಸ್ಲಿಪ್ ಜಾಯಿಂಟ್ ಒಣಗಿದ್ದರೆ ಪ್ರಾಣಕ್ಕೆ ಅಪಾಯವಿಲ್ಲ, ಸ್ಪ್ಲೈನ್ ಸವೆಯುತ್ತದೆ. ಕ್ರಾಸಿನಲ್ಲಿ ಪ್ಲೇ ಕಣ್ಣಿಗೆ ಕಂಡ ಮೇಲೆ ಮಾತ್ರ ಲೋಡ್ ಹೇರಬೇಡಿ. ಓಟದಲ್ಲಿ ಕ್ರಾಸ್ ತುಂಡಾಗಿ ಶಾಫ್ಟ್‌ನ ಮುಂದಿನ ತುದಿ ಕಳಚಿ ನೆಲಕ್ಕೆ ಚುಚ್ಚಿಕೊಂಡರೆ ಗಾಡಿಯ ಹಿಂಬದಿಯನ್ನೇ ಎತ್ತಿಬಿಡಬಹುದು. ಹಿಂದಿನ ತುದಿ ಕಳಚಿದರೆ ಬ್ರೇಕ್ ಪೈಪು, ಡೀಸೆಲ್ ಟ್ಯಾಂಕಿಗೆ ಬಡಿಯುತ್ತದೆ. ಎಂಜಿನ್ ಬ್ರೇಕಿಂಗೂ ಅಲ್ಲಿಗೆ ಮುಗಿಯಿತು. ಚಾರ್ಮಾಡಿಯ ಇಳಿಜಾರಿನಲ್ಲಿ ಅದಾದರೆ ಉಳಿಯುವುದು ಕಾಲಿನ ಕೆಳಗಿನ ಬ್ರೇಕ್ ಒಂದೇ. ‘ಠಣ್’ ಜೊತೆ ನಡುಕವೂ ಸೇರಿದ್ದರೆ ಮೊದಲು ಸಿಕ್ಕ ಗ್ಯಾರೇಜಿನಲ್ಲಿ ನಿಲ್ಲಿಸಿ.

ಹಳೆಯ ಪಿಕಪ್ ಕೊಳ್ಳಲು ಹೊರಟಿದ್ದೇನೆ. ಇದರಲ್ಲಿ ಮೋಸ ಹೋಗದಿರುವುದು ಹೇಗೆ?

ಇಡೀ ಚಾಸಿ ದೂಳು ಹಿಡಿದಿದ್ದು, ಕ್ರಾಸ್‌ಗಳ ಸುತ್ತ ಮಾತ್ರ ತಾಜಾ ಗ್ರೀಸ್ ಮೆತ್ತಿಕೊಂಡಿದ್ದರೆ ಅನುಮಾನ ಪಡಿ. ಅದನ್ನು ಬಟ್ಟೆಯಿಂದ ಒರೆಸಿ, ಮೇಲೆ ಹೇಳಿದಂತೆ ತಿರುವಿ ನೋಡಿ. ಆಮೇಲೆ ಖಾಲಿ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ಓಡಿಸುತ್ತ ಆಕ್ಸಿಲರೇಟರನ್ನು ಒತ್ತಿ ಬಿಡಿ, ಒತ್ತಿ ಬಿಡಿ. ರೇಡಿಯೊ ಆರಿಸಿ, ಗಾಜು ಇಳಿಸಿ, ಪಕ್ಕದಲ್ಲಿ ಕೂತು ಬೆಲೆ ಹೇಳುತ್ತಿರುವವರನ್ನು ಎರಡು ನಿಮಿಷ ಸುಮ್ಮನಿರಲು ಕೇಳಿಕೊಳ್ಳಿ.